‘ಡಯಲೆಕ್ಟಿಕ್’ ಶಬ್ದದ ಅರ್ಥವಿಚಾರ

ಪಾಶ್ಚಾತ್ಯ ಚಿಂತನೆಯ ಚರಿತ್ರೆಯನ್ನು ಕನ್ನಡದಲ್ಲಿ ನಿರೂಪಿಸುವಾಗ ‘ಡಯಲೆಕ್ಟಿಕ್’ ಎಂಬ ಶಬ್ದಕ್ಕೆ ‘ದ್ವಂದ್ವಾತ್ಮಕ ವಿಧಾನ’ ಎಂಬ ಪ್ರತಿಪದವನ್ನು ಪ್ರಯೋಗಿಸುವುದುಂಟು. ಮಾರ್ಕ್ಸನ ವಿಷಯದಲ್ಲಿ ಈ ಪ್ರಯೋಗ ಸಾಧುವೇ ಸರಿ. ಆದರೆ ಪ್ಲೇಟೋವಿಗೂ ಅದನ್ನೇ ಅನ್ವಯಿಸುವುದು ಚರಿತ್ರೆಗೆ ವಿರುದ್ಧವೆಂದು ನಾವು ಭಾವಿಸುತ್ತೇವೆ.

ಶಬ್ದದ ಮೂಲವು ‘ಡಯಲೆಗೆಸ್ಥಾಯ್’ ಎಂಬ ಗ್ರೀಕ್ ಕ್ರಿಯಾಪದ. ಪರಸ್ಪರ ಸಂಭಾಷಿಸುವುದೆಂದು ಅದರ ಅರ್ಥ. ವಿರುದ್ಧ ಶಕ್ತಿಗಳ ಸಂಘರ್ಷವೆಂಬ ಭಾವ ಅದರಲ್ಲಿಲ್ಲ. ಈ ಕಲೆಯನ್ನು ಮೊದಲು ಕಂಡುಹಿಡಿದವನು ಎಲಿಯದ ಜೀನೋ ಎಂದು ಅರಿಸ್ಟಾಟಲನು ಹೇಳಿದ್ದಾಗಿ ಡಯೋಜನೀಸ್ ಲೇರ್ಷಿಯಸನು ತಿಳಿಸುತ್ತಾನೆ. ಪ್ಲೇಟೋವಿನ ಸಂವಾದಗಳಲ್ಲಿ ಇದು ಪ್ರಶ್ನೋತ್ತರಗಳ ಮೂಲಕ ತತ್ತ್ವವನ್ನು ಅರಸುವ ಮಾರ್ಗ. ಉತ್ತರಿಸುವವನ ಸಮ್ಮತಿಯಿಲ್ಲದೆ ವಿಚಾರವು ಒಂದು ಹೆಜ್ಜೆಯೂ ಮುಂದೆ ಸಾಗದು. ‘ರಿಪಬ್ಲಿಕ್’ ಗ್ರಂಥದ ಏಳನೆಯ ಭಾಗದಲ್ಲಿ ಆತನು ಇದನ್ನು ಸಕಲ ವಿದ್ಯೆಗಳ ಶಿಖರವೆಂದು ಗಣಿಸಿ, 30 ವರ್ಷ ತುಂಬಿದ ಯೋಗ್ಯರಿಗೆ 5 ವರ್ಷಗಳ ಅಭ್ಯಾಸವನ್ನು ವಿಧಿಸುತ್ತಾನೆ; ತರುಣರು ಇದನ್ನು ಆಟವಾಗಿಸಿಕೊಂಡಾರೆಂಬ ಭಯವೂ ಅವನಿಗಿತ್ತು. ಅರಿಸ್ಟಾಟಲನಾದರೋ ತನ್ನ ‘ಟಾಪಿಕ್ಸ್’ ಗ್ರಂಥದಲ್ಲಿ, ಜನಸಮ್ಮತವೂ ಪ್ರಾಜ್ಞಸಮ್ಮತವೂ ಆದ ಅಭಿಪ್ರಾಯಗಳಿಂದ ಹೊರಡುವ ತರ್ಕಕ್ಕೆ ಈ ಹೆಸರನ್ನು ಮೀಸಲಿಟ್ಟನು. ಮಧ್ಯಯುಗದ ಯೂರೋಪಿನಲ್ಲಿ ವ್ಯಾಕರಣ, ಅಲಂಕಾರಶಾಸ್ತ್ರಗಳ ಜೊತೆಗೆ ಕಲಿಸುತ್ತಿದ್ದ ತರ್ಕಶಾಸ್ತ್ರಕ್ಕೇ ಇದು ಹೆಸರಾಯಿತು. 1781ರಲ್ಲಿ ಕಾಂಟನು ಭ್ರಾಂತಿಯ ತರ್ಕವೆಂಬ ಅರ್ಥದಲ್ಲಿ ಇದನ್ನು ಬಳಸಿದನು. ವೈರುಧ್ಯದ ಮೂಲಕವೇ ವಿಚಾರವು ವಿಕಾಸಗೊಳ್ಳುವುದೆಂಬ ಪ್ರಧಾನಾರ್ಥವು ಹೆಗೆಲನಿಂದ ಬಂದುದು. ಅದು ಹೆಗೆಲನಲ್ಲಿ ತಲೆಕೆಳಗಾಗಿ ನಿಂತಿದೆಯೆಂದು 1873ರಲ್ಲಿ ಮಾರ್ಕ್ಸನು ಬರೆದನು. ನಮ್ಮ ‘ದ್ವಂದ್ವ’ವು ಈ ಕೊನೆಯ ಘಟ್ಟದ ಛಾಯೆ.

ಹಾಗಾದರೆ ಪ್ಲೇಟೋವಿಗೆ ಒಪ್ಪುವ ಪದ ನಮ್ಮಲ್ಲಿಲ್ಲವೇ? ನ್ಯಾಯಸೂತ್ರವು ತತ್ತ್ವನಿರ್ಣಯಕ್ಕಾಗಿ ನಡೆಯುವ ‘ವಾದ’ವನ್ನು, ಜಯಕ್ಕಾಗಿ ಹೂಡುವ ‘ಜಲ್ಪ’ದಿಂದಲೂ ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವ ‘ವಿತಂಡ’ದಿಂದಲೂ ಬೇರ್ಪಡಿಸಿದೆ. ತತ್ತ್ವಾನ್ವೇಷಣೆಗೂ ಗೆಲುವಿನ ಚರ್ಚೆಗೂ ಪ್ಲೇಟೋ ತೋರಿದ ಭೇದಕ್ಕೆ ಇದು ಬಹಳ ಸಮೀಪವಾದುದು. ಆದರೂ ‘ವಾದ’ವನ್ನೇ ಸ್ವೀಕರಿಸಲಾಗದು. ನೈಯಾಯಿಕರ ವಾದಕ್ಕೆ ಪ್ರಮಾಣವೂ ಪಂಚಾವಯವವಾಕ್ಯವೂ ಅಂಗಗಳು. ಇಂದಿನ ಕನ್ನಡದಲ್ಲಂತೂ ‘ವಾದ’ವೆಂದರೆ ಸಮಾಜವಾದ, ಮಾರ್ಕ್ಸ್‌ವಾದಗಳಲ್ಲಿರುವಂತೆ ಸಿದ್ಧಾಂತವೆಂಬ ಅರ್ಥವೂ ರೂಢವಾಗಿದೆ. ಆದಕಾರಣ ಪ್ಲೇಟೋವಿನ ಸಂದರ್ಭದಲ್ಲಿ ‘ಸಂವಾದತರ್ಕ’ವೆಂದೂ, ಹೆಗೆಲ್ ಮಾರ್ಕ್ಸರ ಸಂದರ್ಭದಲ್ಲಿ ‘ದ್ವಂದ್ವಾತ್ಮಕ ವಿಧಾನ’ವೆಂದೂ ಬರೆಯುವುದು ಯುಕ್ತ.

ಒಂದು ಮೂಲಪದಕ್ಕೆ ಒಂದೇ ಪ್ರತಿಪದವಿದ್ದರೆ ಪಠ್ಯಪುಸ್ತಕಗಳಿಗೆ ಅನುಕೂಲವೆಂಬ ಆಕ್ಷೇಪ ಬರಬಹುದು. ಆದರೆ ಆ ಅನುಕೂಲಕ್ಕೆ ವಿದ್ಯಾರ್ಥಿಯು ತೆರುವ ಬೆಲೆ ಸಣ್ಣದಲ್ಲ. ಸಾಕ್ರಟೀಸನ ಪ್ರಶ್ನೆಯಲ್ಲಿ ಅವನು ಕಾಣಬೇಕಾದುದು ಇಬ್ಬರ ಸಹವಿಚಾರ. ‘ದ್ವಂದ್ವ’ವೆಂಬ ಪದವು ಅವನಿಗೆ ತೋರಿಸುವುದು ಸಂಘರ್ಷವನ್ನು ಮಾತ್ರ.