ಕೀಲುಳ್ಳ ಬೊಂಬೆ, ಬಿಚ್ಚದ ಪೊಟ್ಟಣ

ಆಟದ ಸಾಮಾನನ್ನು ಕುರಿತು ವಿಮರ್ಶೆ ಬರೆಯಹೊರಟರೆ ನಗುವವರು ಇದ್ದೇ ಇರುತ್ತಾರೆ. ಆ ನಗೆಗೆ ನಮ್ಮ ಆಕ್ಷೇಪಣೆಯೇನೂ ಇಲ್ಲ. ಆದರೆ ಬೆರಳುದ್ದದ ಒಂದು ಪ್ಲಾಸ್ಟಿಕ್ ಬೊಂಬೆ 2024ರಲ್ಲಿ ಅಮೆರಿಕದ ಹರಾಜೊಂದರಲ್ಲಿ 5,25,000 ಡಾಲರಿಗೆ ಹೋಯಿತೆಂದು ಕೇಳಿದಾಗ ನಗುವವರೂ ಒಂದು ಗಳಿಗೆ ತಡೆದು ಯೋಚಿಸಬೇಕಾಗುತ್ತದೆ. ಅದರಲ್ಲೂ ಆ ಬೊಂಬೆ ಯಾವ ಅಂಗಡಿಗೂ ಬಂದದ್ದಲ್ಲ, ಯಾವ ಮಗುವಿಗೂ ಮಾರಿದ್ದಲ್ಲ ಎಂದು ತಿಳಿದಾಗ, ಬೆಲೆಯೆಂದರೇನು, ಗುಣವೆಂದರೇನು ಎಂಬ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಎದುರು ನಿಲ್ಲುತ್ತದೆ.

ಇಂಥ ಬೊಂಬೆಗಳಿಗೆ ‘ಆಕ್ಷನ್ ಫಿಗರ್’ ಎಂದು ಹೆಸರು. ಹೆಸರಿನಲ್ಲಿಯೇ ಒಂದು ಸಂಕೋಚ ಅಡಗಿದೆ. 1959ರಲ್ಲಿ ಮ್ಯಾಟೆಲ್ ಸಂಸ್ಥೆ ಹೊರತಂದ ಬಾರ್ಬಿ ಬೊಂಬೆ ಹೆಣ್ಣುಮಕ್ಕಳ ಮನಸ್ಸನ್ನು ಸೂರೆಗೊಂಡಿತು. ಬೊಂಬೆಯನ್ನು ಒಮ್ಮೆ ಕೊಂಡವರು ಅದರ ಉಡುಪುಗಳನ್ನು ಮತ್ತೆ ಮತ್ತೆ ಕೊಳ್ಳುತ್ತಾರೆಂಬ ವ್ಯಾಪಾರದ ಗುಟ್ಟನ್ನು ಕಂಡ ಹ್ಯಾಸ್ಬ್ರೋ ಸಂಸ್ಥೆಯವರು ಗಂಡುಹುಡುಗರಿಗೂ ಒಂದನ್ನು ಮಾಡಲು ಹೊರಟರು. ಆದರೆ ಬೊಂಬೆಯೆಂದರೆ ಹುಡುಗರು ಮುಟ್ಟುವರೆ? ತಂದೆಯರು ಕೊಡಿಸುವರೆ? 1964ರಲ್ಲಿ ‘ಜಿ.ಐ. ಜೋ’ ಎಂಬ ಸಿಪಾಯಿ ಅಂಗಡಿಗೆ ಬಂದಾಗ ‘ಬೊಂಬೆ’ ಎಂಬ ಮಾತನ್ನೇ ಕೈಬಿಟ್ಟು ಈ ಹೊಸ ಹೆಸರನ್ನು ಮುಂದಿಟ್ಟರು. ಅದರ ಎತ್ತರ ಸುಮಾರು ಒಂದಡಿ. ಚಲಿಸುವ ಭಾಗಗಳು 21. ಚಿತ್ರಕಾರರು ಅಭ್ಯಾಸಕ್ಕೆ ಇಟ್ಟುಕೊಳ್ಳುವ ಕೀಲುಳ್ಳ ಮರದ ಪ್ರತಿಮೆಯನ್ನು ಕಂಡಾಗ ಸಂಸ್ಥೆಯ ಡಾನ್ ಲೆವೀನ್ ಅವರಿಗೆ ಇದರ ರೂಪ ಹೊಳೆಯಿತೆಂದು ಹೇಳುತ್ತಾರೆ. ಹೆಸರು ವ್ಯಾಪಾರಿಯ ಉಪಾಯವಿರಬಹುದು. ಆದರೆ ಕೀಲು ಉಪಾಯವಲ್ಲ. ಮಂಡಿಯೂರಬಲ್ಲ, ತೋಳೆತ್ತಬಲ್ಲ ಈ ಸಿಪಾಯಿ ಮಗುವಿನ ಕಥೆಯೊಳಗೆ ಸುಲಭವಾಗಿ ಪ್ರವೇಶಿಸಿದ.

ಇದಾದ ಮೇಲೆ ಬಂದ ದೊಡ್ಡ ತಿರುವು ‘ಸ್ಟಾರ್ ವಾರ್ಸ್’ ಚಲನಚಿತ್ರದ್ದು. 1977ರ ಮೇ ತಿಂಗಳಲ್ಲಿ ತೆರೆಕಂಡ ಈ ಚಿತ್ರದ ಬೊಂಬೆಗಳನ್ನು ಮಾಡುವ ಹಕ್ಕು ಸಿನ್ಸಿನಾಟಿ ನಗರದ ಕೆನ್ನರ್ ಸಂಸ್ಥೆಗೆ ದೊರೆಯಿತು. ಆ ವರ್ಷದ ಕ್ರಿಸ್‌ಮಸ್ಸಿಗೆ ಬೊಂಬೆಗಳು ಸಿದ್ಧವಾಗಲಿಲ್ಲ. ಆಗ ಸಂಸ್ಥೆಯವರು ಬೊಂಬೆಯೇ ಇಲ್ಲದ ಒಂದು ರಟ್ಟಿನ ಲಕೋಟೆಯನ್ನು ಮಾರಿದರು. ಅದರೊಳಗಿನ ಚೀಟಿಯನ್ನು ಅಂಚೆಗೆ ಹಾಕಿದ ಮಕ್ಕಳಿಗೆ 1978ರಲ್ಲಿ ನಾಲ್ಕು ಬೊಂಬೆಗಳು ಮನೆಗೆ ಬಂದವು. ಅವುಗಳ ಅಳತೆ ಹೆಚ್ಚುಕಡಿಮೆ ಮೂರೂಮುಕ್ಕಾಲು ಅಂಗುಲ. ಆಕಾಶನೌಕೆಯೊಳಗೆ ಬೊಂಬೆ ಕೂರಬೇಕು, ಆ ನೌಕೆ ಮಗುವಿನ ಕೈಗೆ ಎಟುಕಬೇಕು, ತಂದೆಯ ಜೇಬಿಗೂ ಎಟುಕಬೇಕು ಎಂಬ ಲೆಕ್ಕಾಚಾರದಿಂದ ಒಂದಡಿಯ ವೀರ ಬೆರಳುದ್ದಕ್ಕೆ ಇಳಿದ. ಕೀಲುಗಳು ಸಾಮಾನ್ಯವಾಗಿ ಐದೇ: ಕುತ್ತಿಗೆ, ಎರಡು ಭುಜ, ಎರಡು ತೊಡೆ.

ಐದು ಕೀಲಿನಲ್ಲಿ ಏನು ಮಾಡಲಾದೀತು ಎಂದು ಕೇಳುವವರು ಈ ಬೊಂಬೆ ತಯಾರಾಗುವ ಕ್ರಮವನ್ನು ಸ್ವಲ್ಪ ಗಮನಿಸಬೇಕು. ಮೊದಲು ಶಿಲ್ಪಿ ಮೇಣದಲ್ಲಿಯೋ ಜೇಡಿಯಲ್ಲಿಯೋ ಮೂಲರೂಪವನ್ನು ಕಡೆಯುತ್ತಾನೆ. ಅನೇಕ ವೇಳೆ ಕೊನೆಯ ಅಳತೆಗಿಂತ ದೊಡ್ಡದಾಗಿ. ಅದರಿಂದ ಗಟ್ಟಿಯಾದ ಪ್ರತಿ ತೆಗೆದು, ಅಳತೆಗೆ ಇಳಿಸಿ, ಉಕ್ಕಿನಲ್ಲಿ ಎರಡು ಹೋಳಿನ ಅಚ್ಚನ್ನು ಕೊರೆಯುತ್ತಾರೆ. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಅಚ್ಚಿನೊಳಕ್ಕೆ ನುಗ್ಗಿಸಿ, ತಣಿದ ಮೇಲೆ ಹೋಳುಗಳನ್ನು ಬೇರ್ಪಡಿಸುತ್ತಾರೆ. ಅಚ್ಚು ಬಿಚ್ಚುವಾಗ ಒಳಗಿನದು ಸಿಕ್ಕಿಕೊಳ್ಳಬಾರದು. ಆದ್ದರಿಂದ ಒಳಸರಿದ ಮಡಿಕೆ, ಕೊಕ್ಕೆಯಂತೆ ಬಾಗಿದ ಅಂಚುಗಳನ್ನು ಶಿಲ್ಪಿ ಆದಷ್ಟು ಬಿಡಬೇಕು. ತಲೆ, ತೋಳು, ಕಾಲುಗಳನ್ನು ಬೇರೆ ಬೇರೆ ಎರೆದು ಜೋಡಿಸಬೇಕು. ಹೆಚ್ಚುವ ಒಂದೊಂದು ಕೀಲಿಗೂ, ಒಂದೊಂದು ಬಣ್ಣಕ್ಕೂ ಖರ್ಚಿದೆ. ಛಂದಸ್ಸಿನ ಕಟ್ಟಿನೊಳಗೆ ಕವಿ ದುಡಿಯುವಂತೆ ಈ ಕಟ್ಟಿನೊಳಗೆ ಶಿಲ್ಪಿ ದುಡಿಯಬೇಕು. ಸಾಸಿವೆಗಾತ್ರದ ಮುಖದಲ್ಲಿ ಅವನು ಅಳುವನ್ನೂ ತರುವಂತಿಲ್ಲ, ನಗುವನ್ನೂ ತರುವಂತಿಲ್ಲ. ಎರಡಕ್ಕೂ ಒದಗುವ ಒಂದು ಮೌನವನ್ನು ತರಬೇಕು. ಉಳಿದದ್ದನ್ನು ಮಗು ತುಂಬಿಕೊಳ್ಳುತ್ತದೆ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಈ ಕೃತಿಗೆ ಸಹೃದಯನೆಂದರೆ ಮಗುವೇ.

ಇಷ್ಟು ದುಡಿದ ಶಿಲ್ಪಿಯ ಹೆಸರು ಬೊಂಬೆಯ ಮೇಲೆ ಇರುವುದಿಲ್ಲ. ಕೆನ್ನರ್ ಬೊಂಬೆಯ ಕಾಲಿನ ಹಿಂಬದಿಯಲ್ಲಿ ಹಕ್ಕುದಾರ ಸಂಸ್ಥೆಯ ಹೆಸರಿನ ಮೊದಲಕ್ಷರಗಳು, 1977 ಎಂಬ ಇಸವಿ, ‘ಹಾಂಗ್‌ಕಾಂಗ್’ ಎಂಬ ಊರ ಹೆಸರು ಇವೆ. ಕಡೆದವನೂ ಇಲ್ಲ, ಹಾಂಗ್‌ಕಾಂಗಿನಲ್ಲಿ ಕೂತು ಬಣ್ಣ ಹಚ್ಚಿದವರೂ ಇಲ್ಲ.

ಇನ್ನು ಸಂಗ್ರಹಕಾರರ ವಿಷಯ. ಅಂದಿನ ಮಕ್ಕಳೇ ದೊಡ್ಡವರಾಗಿ, ಕಳೆದುಕೊಂಡದ್ದನ್ನು ಹುಡುಕುತ್ತಾ ಹೋದರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಪೇಟೆಗೆ ಅದರದೇ ಆದ ನ್ಯಾಯವುಂಟು. ರಟ್ಟಿಗೆ ಅಂಟಿದ ಪಾರದರ್ಶಕ ಗುಳ್ಳೆಯೊಳಗೆ ಬೊಂಬೆ ಹಾಗೆಯೇ ಇದ್ದರೆ ಒಂದು ಬೆಲೆ; ಬಿಚ್ಚಿದರೆ ಬೆಲೆ ಬಿತ್ತು. ಈಗಂತೂ ಬೊಂಬೆಯನ್ನು ಪರೀಕ್ಷಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡಿಕೊಡುವ ಸಂಸ್ಥೆಗಳೂ ಇವೆ. ಹೀಗೆ ಬೆಲೆ ಕಟ್ಟುವುದರಲ್ಲಿನ ವಿಚಿತ್ರಕ್ಕೆ ಎರಡು ಉದಾಹರಣೆ ಸಾಕು. ‘ಜಾವಾ’ ಎಂಬ ಪುಟ್ಟ ಬೊಂಬೆಗೆ ಮೊದಲು ವಿನೈಲ್ ಹಾಳೆಯ ಮೇಲಂಗಿ ತೊಡಿಸಿದ್ದರು. ಅದು ತೀರ ಅಗ್ಗದ್ದಾಗಿ ಕಾಣುತ್ತದೆಂದು ಸಂಸ್ಥೆಯವರೇ ಬಟ್ಟೆಯ ಅಂಗಿಗೆ ಬದಲಾಯಿಸಿದರು. ಮಾಡಿದವರು ಬೇಡವೆಂದು ತಳ್ಳಿದ ಆ ವಿನೈಲ್ ಅಂಗಿಯ ಬೊಂಬೆಗೇ ಇಂದು ಬಟ್ಟೆಯಂಗಿಯದಕ್ಕಿಂತ ಬಹುಪಾಲು ಹೆಚ್ಚಿನ ಬೆಲೆ. ಆ ಅಂಗಿಯ ನಕಲುಗಳೂ ಹುಟ್ಟಿಕೊಂಡಿವೆ.

ಎರಡನೆಯದು ಮೊದಲೇ ಹೇಳಿದ ಹರಾಜಿನ ಬೊಂಬೆ, ‘ಬೋಬಾ ಫೆಟ್’. ಬೆನ್ನಿನಿಂದ ಪುಟ್ಟ ರಾಕೆಟ್ಟನ್ನು ಹಾರಿಸುವಂತೆ 1979ರಲ್ಲಿ ಇದನ್ನು ಯೋಜಿಸಿದ್ದರು. ಅದೇ ಸುಮಾರಿಗೆ ಬೇರೊಂದು ಆಟಿಕೆಯಿಂದ ಹಾರಿದ ಅಂಥದೇ ಚೂರು ಗಂಟಲಿಗೆ ಸಿಕ್ಕಿ ಒಂದು ಮಗು ಸತ್ತಿತ್ತು. ಅಪಾಯವನ್ನರಿತು ಕೆನ್ನರ್ ಸಂಸ್ಥೆ ರಾಕೆಟ್ಟನ್ನು ಬೆನ್ನಿಗೇ ಬಿಗಿದು ಅಂಟಿಸಿ ಬೊಂಬೆಯನ್ನು ಹೊರತಂದಿತು. ಹಾರಿಸುವ ಮಾದರಿಗಳು ಕೆಲವು ಮಾತ್ರ ಉಳಿದವು. ಮಗುವಿನ ಕೈಗೆ ಕೊಡಬಾರದೆಂದು ತೀರ್ಮಾನವಾದ ವಸ್ತುವಿಗೇ ಆಟಿಕೆಗಳಲ್ಲಿ ಅಗ್ರಪೀಠ! ಇಲ್ಲಿ ಅಳೆದದ್ದು ವಿರಳತೆಯನ್ನೇ ಹೊರತು ಗುಣವನ್ನಲ್ಲ.

ಆದರೂ ಸಂಗ್ರಹಕಾರರನ್ನು ಬರಿಯ ಮರುಳರೆಂದು ತಳ್ಳಿಬಿಡುವುದು ಅನ್ಯಾಯವಾದೀತು. ಸಂಸ್ಥೆಗಳು ಕಸಕ್ಕೆ ಹಾಕಿದ ಮೇಣದ ಮಾದರಿ, ಬಣ್ಣ ಹಚ್ಚದ ಪ್ರತಿ, ಕೈಬಿಟ್ಟ ನಕಾಶೆಗಳನ್ನು ಅವರು ಕಾಪಾಡಿದ್ದಾರೆ. ವೃದ್ಧರಾದ ವಿನ್ಯಾಸಕಾರರನ್ನು ಹುಡುಕಿ ಮಾತನಾಡಿಸಿದ್ದಾರೆ. ಕಾಲಿನ ಹಿಂಬದಿಯಲ್ಲಿ ಜಾಗ ಸಿಗದ ಹೆಸರುಗಳು ಇಂದು ನಾಲ್ಕು ಜನಕ್ಕೆ ತಿಳಿದಿದ್ದರೆ ಅದು ಬಹುಮಟ್ಟಿಗೆ ಇವರಿಂದ. ರಾಚೆಸ್ಟರ್ ನಗರದ ಆಟಿಕೆಗಳ ಗೌರವಭವನಕ್ಕೆ 2004ರಲ್ಲಿ ಜಿ.ಐ. ಜೋ, 2012ರಲ್ಲಿ ಸ್ಟಾರ್ ವಾರ್ಸ್ ಬೊಂಬೆಗಳು ಸೇರಿದವೆಂದರೆ ಅಕ್ಕರೆಯುಳ್ಳವರ ನೆನಪಿನ ಬಲವೂ ಅದರ ಹಿಂದಿದೆ.

ನವರಾತ್ರಿಯಲ್ಲಿ ನಾವು ಕೂರಿಸುವ ಬೊಂಬೆಗಳನ್ನೂ ಮಕ್ಕಳ ಆಟಕ್ಕೆ ಕೊಡುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಪಟ್ಟದ ಬೊಂಬೆಗೆ ಕೀಲಿಲ್ಲ. ಅದು ನೋಡುವುದಕ್ಕೆಂದೇ ಆದದ್ದು. ನೋಡಲು ನೆರೆಮನೆಯವರು ಬಂದು ಹೋದರೆ ಅದರ ಕೆಲಸ ಪೂರ್ತಿಯಾಯಿತು. ಕೀಲುಳ್ಳದ್ದರ ಮಾತು ಬೇರೆ. ಅದನ್ನು ಬಗ್ಗಿಸದೆ, ತಿರುಗಿಸದೆ, ಒಂದೆರಡು ಬಾರಿ ಮಣ್ಣಿಗೆ ಬೀಳಿಸದೆ ಅದರ ವಿನ್ಯಾಸವನ್ನು ಅರಿತೆವೆನ್ನುವುದು, ಪುಟ ಸೀಳದ ಪುಸ್ತಕವನ್ನು ಕಪಾಟಿನಲ್ಲಿಟ್ಟು ಓದುಗನೆನ್ನಿಸಿಕೊಂಡಂತೆ. ತೋಳಿನ ಬಣ್ಣ ಮಾಸಿ, ಭುಜದ ಕೀಲು ಸಡಿಲವಾದ ಬೊಂಬೆಗೆ ಪೇಟೆಯಲ್ಲಿ ಅಂಕ ಕಡಮೆ. ಆದರೆ ಶಿಲ್ಪಿ ಇಟ್ಟ ಐದು ಕೀಲೂ ಕೆಲಸ ಮಾಡಿದವೆನ್ನುವುದಕ್ಕೆ ಆ ಸಡಿಲಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.