ಹಳೆಯ ಜೋಡುನಳಿಗೆಗೆ ಉಕ್ಕಿನ ಚರೆ ಬೇಕೆ?

ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತೆಂದರೆ ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲಮನೆಗಳಲ್ಲಿ, ಕೋವಿಗಳು ಹೊರಬರುತ್ತವೆ. ಒರೆಸಿ, ಎಣ್ಣೆ ಸವರಿ, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಸಿಕ್ಕಿದ್ದು 1861ರಲ್ಲಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಅಜ್ಜನಿಂದ ಮೊಮ್ಮಗನಿಗೆ ಬಂದ ಇಂಗ್ಲೆಂಡ್, ಬೆಲ್ಜಿಯಂ ಜೋಡುನಳಿಗೆಗಳು ಇಂದಿಗೂ ಉಳಿದಿರುವುದು ಇಂಥ ಮನೆಗಳಲ್ಲೇ.

ಅವನ್ನು ಮಾಡಿದ್ದು ಸೀಸದ ಚರೆಗಾಗಿ.

ಉಕ್ಕಿನ ಚರೆ ಬಳಕೆಗೆ ಬಂದದ್ದು ನೀರುಹಕ್ಕಿಗಳ ದೆಸೆಯಿಂದ. ಜೌಗಿನಲ್ಲಿ ಬಿದ್ದ ಸೀಸದ ಕಾಳನ್ನು ಬಾತುಗಳು ಹರಳೆಂದು ನುಂಗುತ್ತವೆ. ಅದು ಹೊಟ್ಟೆಯೊಳಗೆ ಅರೆದು ಕರಗಿ ರಕ್ತಕ್ಕೆ ವಿಷವೇರುತ್ತದೆ. ಅಮೆರಿಕ 1991ರಿಂದ ನೀರುಹಕ್ಕಿ ಬೇಟೆಗೆ ದೇಶದುದ್ದಕ್ಕೂ ಸೀಸ ನಿಷೇಧಿಸಿತು. ಐರೋಪ್ಯ ಒಕ್ಕೂಟದ ಜೌಗುಪ್ರದೇಶಗಳಲ್ಲಿ 2023ರಿಂದ ನಿಷೇಧವಿದೆ. ನಮ್ಮಲ್ಲಿ ತಂಗಡಗಿಯ ಕೃಷ್ಣಾ ತೀರವಿರಲಿ, ಪಟ್ಟೆತಲೆ ಹೆಬ್ಬಾತುಗಳು ಇಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆಯಿರಲಿ, ಹಕ್ಕಿಗೆ ಗುಂಡು ಹಾರಿಸುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದು ಹಾಗೆಯೇ ಇರಬೇಕು.

ಹಳೆಯ ನಳಿಗೆಗೆ ಉಕ್ಕು ಯಾಕೆ ಒಗ್ಗದು? ಸೀಸ ಮೆತ್ತಗಿನ ಲೋಹ. ನಳಿಗೆಯ ಬಾಯಿ ಹತ್ತಿರ ಕಿರಿದಾಗುವ ಚೋಕ್‌ನಲ್ಲಿ ಕಾಳುಗಳು ಒಂದಕ್ಕೊಂದು ಅಮುಕಿಕೊಂಡು, ಆಕಾರ ಬದಲಿಸಿ ದಾಟಿಹೋಗುತ್ತವೆ. ಉಕ್ಕು ಜಗ್ಗುವುದಿಲ್ಲ, ಜಗ್ಗಬೇಕಾದದ್ದು ನಳಿಗೆ. ಹನ್ನೆರಡು ಬೋರಿನ ಪೂರ್ಣ ಚೋಕ್ ಸುಮಾರು 1 ಮಿ.ಮೀ. ಕಿರಿದು. ಹಳೆಯ ಜೋಡುನಳಿಗೆಗಳಲ್ಲಿ ಸಾಮಾನ್ಯವಾಗಿ ಎಡನಳಿಗೆಗೆ ಬಿಗಿಯಾದ ಚೋಕ್ ಇರುತ್ತದೆ. ತೆಳುಗೋಡೆಯ ಆ ತುದಿಯಲ್ಲಿ ಬಳೆಯಂತೆ ಒಂದು ಉಬ್ಬು ಏಳುತ್ತದೆ, ಎರಡು ನಳಿಗೆಗಳ ನಡುವಿನ ಬೆಸುಗೆ ಬಿಡಲೂಬಹುದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯಾದರಂತೂ ಉಕ್ಕಿನ ಚರೆಯ ಮಾತೇ ಬೇಡ.

ಇನ್ನೊಂದು ತೊಡಕು ತೂಕದ್ದು. ಸೀಸದ ಸಾಂದ್ರತೆ 11.3, ಉಕ್ಕಿನದು 7.8. ಹಗುರ ಕಾಳಿಗೆ ಬಲ ತುಂಬಲು ಎರಡು ನಂಬರ್ ದಪ್ಪ ಚರೆ, ಹೆಚ್ಚಿನ ವೇಗ ಬೇಕಾಗುತ್ತದೆ. ಕಾಳನ್ನು ನಳಿಗೆಗೆ ತಾಗದಂತೆ ಕಾಯುವ ದಪ್ಪ ಪ್ಲಾಸ್ಟಿಕ್ ಬಟ್ಟಲು ಒಳಗೋಡೆಯ ಗೀರನ್ನು ತಪ್ಪಿಸೀತು, ಚೋಕ್‌ನ ಒತ್ತಡವನ್ನಲ್ಲ.

ಹೀಗಾಗಿ ಮೊದಲು ನೋಡಬೇಕಾದದ್ದು ಕೋವಿಯ ಹೊಟ್ಟೆಯನ್ನು. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಮುಂಗೈ ಮರ ಕಳಚಿ, ನಳಿಗೆಗಳನ್ನು ಬಿಚ್ಚಿ ಬೋರಲು ಹಾಕಿದರೆ ಚಪ್ಪಟೆ ಭಾಗದಲ್ಲಿ ಪರೀಕ್ಷಾ ಮುದ್ರೆಗಳು ಕಾಣುತ್ತವೆ. ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ. ಅಕ್ಷರಗಳಿದ್ದರೆ ಅದು ಬೆಲ್ಜಿಯಂನ ಲೀಜ್ ಊರಿನ ಮುದ್ರೆ. ಹೆಚ್ಚು ಒತ್ತಡದ ಉಕ್ಕಿನ ತೋಟಾಗಳಿಗೆ ಪರೀಕ್ಷೆಯಾದ ಹೊಸ ಕೋವಿಗಳ ಮೇಲೆ ಲಿಲಿ ಹೂವಿನ ಗುರುತಿರುತ್ತದೆ. ಅಜ್ಜನ ಕೋವಿಯಲ್ಲಿ ಅದು ಸಿಗದು. ತೋಟಾ ಕೂರುವ ಕೋಣೆಯನ್ನೂ ಅಳೆಸಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು 65 ಮಿ.ಮೀ. ಇದ್ದರೆ ಈಗಿನ 70 ಮಿ.ಮೀ. ತೋಟಾ ಹಾಕಕೂಡದು, ಸೀಸದ್ದಾದರೂ ಸರಿಯೆ.

ಸೀಸ ಬೇಡವೆನ್ನುವವರಿಗೆ ಬಿಸ್ಮತ್ ಇದೆ. ಸಾಂದ್ರತೆ 9.6ರ ಆಸುಪಾಸು, ಉಕ್ಕಿಗಿಂತ ಎಷ್ಟೋ ಮೃದು. ಬೆಲೆ ಸೀಸದ ಹಲವು ಪಟ್ಟು, ಆದರೆ ಹೊಸದಾಗಿ ಸಿಗದ ನಳಿಗೆಯ ಮುಂದೆ ಅದು ದುಬಾರಿಯಲ್ಲ.