ಸ್ಫೂರ್ತಿಯ ನಿರೀಕ್ಷೆ

ಕವಿತೆ ತಾನಾಗಿಯೇ ಬರತಕ್ಕದ್ದು, ಅದು ಬರುವವರೆಗೆ ಕವಿಯಾದವನು ಲೇಖನಿಯನ್ನು ಮುಟ್ಟಲಾಗದು ಎಂಬ ಮಾತು ಕಾವ್ಯಾಸಕ್ತರ ಗೋಷ್ಠಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಒತ್ತಾಯದಿಂದ ಹೊಸೆದ ಪದ್ಯವು ಛಂದಸ್ಸಿನಲ್ಲಿ ನಿರ್ದುಷ್ಟವಾಗಿದ್ದರೂ ಸಹೃದಯನ ಮನಸ್ಸನ್ನು ಮುಟ್ಟದೆ ಹೋಗುವುದುಂಟು. ಆದರೆ ಇದೇ ಮಾತನ್ನು ನೆಚ್ಚಿಕೊಂಡು, ಎರಡು ಮೂರು ಒಳ್ಳೆಯ ಪದ್ಯಗಳನ್ನು ಬರೆದ ಎಷ್ಟೋ ಮಂದಿ ತರುಣರು ನಾಲ್ಕನೆಯದು ಬರಲೆಂದು ಕಾದು ಕಾದು, ಕಡೆಗೆ ಬರವಣಿಗೆಯನ್ನೇ ತೊರೆದಿರುವುದೂ ಉಂಟು. ಆದುದರಿಂದ ಸ್ಫೂರ್ತಿಗಾಗಿ ಕಾಯಬೇಕೇ ಬೇಡವೇ ಎಂಬುದಕ್ಕಿಂತಲೂ, ಹೇಗೆ ಕಾಯಬೇಕೆಂಬುದೇ ಇಲ್ಲಿ ಮುಖ್ಯವಾದ ವಿಚಾರ.

ಸ್ಫೂರ್ತಿಪಕ್ಷದವರು ಸಾಮಾನ್ಯವಾಗಿ ಮುಂದಿಡುವ ನಿದರ್ಶನ ಕುಮಾರವ್ಯಾಸನದು. ಗದುಗಿನ ವೀರನಾರಾಯಣ ದೇವಾಲಯದ ಕೋನೇರಿಯಲ್ಲಿ ಮಿಂದು, ಒದ್ದೆಯ ಬಟ್ಟೆಯಲ್ಲಿಯೇ ಗುಡಿಯ ಕಂಬದ ಬಳಿ ಕುಳಿತು ಅವನು ಭಾರತವನ್ನು ಹಾಡುತ್ತಿದ್ದನೆಂದೂ, ಬಟ್ಟೆ ಆರುತ್ತಲೇ ವಾಣಿಯೂ ನಿಂತುಹೋಗುತ್ತಿದ್ದಿತೆಂದೂ ಐತಿಹ್ಯವಿದೆ. ಆ ಕಂಬವನ್ನು ಯಾತ್ರಿಕರಿಗೆ ಇಂದಿಗೂ ತೋರಿಸುತ್ತಾರೆ. ಇದರಿಂದ ಜನರು ತೆಗೆಯುವ ತಾತ್ಪರ್ಯವಿಷ್ಟು: ಕಾವ್ಯವು ದೈವದತ್ತವಾದುದು, ಅದು ಬಂದಾಗ ಬರುತ್ತದೆ, ಹೋದಾಗ ಹೋಗುತ್ತದೆ, ಕವಿಯ ಕೈಯಲ್ಲಿ ಏನೂ ಇಲ್ಲ.

ಐತಿಹ್ಯವು ಚರಿತ್ರೆಯಲ್ಲವೆಂಬುದು ನಿಜ. ಆದರೂ ಅದನ್ನು ಐತಿಹ್ಯವೆಂದೇ ಭಾವಿಸಿ ಸಾವಧಾನವಾಗಿ ಓದಿದರೆ ಬೇರೊಂದು ಅರ್ಥವೇ ಹೊಳೆಯುತ್ತದೆ. ಬಟ್ಟೆ ಆರುವುದು ಕವಿಯ ವಶದಲ್ಲಿಲ್ಲ, ಸರಿ. ಆದರೆ ಬಟ್ಟೆಯನ್ನು ನೆನೆಸಿದವರು ಯಾರು? ದಿನವೂ ಕೋನೇರಿಗೆ ಇಳಿದವನು, ದಿನವೂ ಅದೇ ಕಂಬದ ಬಳಿಗೆ ಬಂದವನು ಕವಿಯೇ. ಸ್ಥಳ ಗೊತ್ತಾಗಿದೆ, ಹೊತ್ತು ಗೊತ್ತಾಗಿದೆ, ಕುಳಿತಿರಬೇಕಾದ ಅವಧಿಯೂ ಗೊತ್ತಾಗಿದೆ. ಇವನು ವಾಗ್ದೇವಿಯನ್ನು ಮನೆಯಲ್ಲಿ ಮಲಗಿ ನಿರೀಕ್ಷಿಸಲಿಲ್ಲ. ಅವಳ ಬಾಗಿಲಿಗೆ ತಾನೇ ಹೋಗಿ ಕುಳಿತನು.

ಕರ್ಣಾಟ ಭಾರತ ಕಥಾಮಂಜರಿಯಲ್ಲಿ ಹತ್ತು ಪರ್ವಗಳಿವೆ. ಪದ್ಯಗಳು 8000ಕ್ಕೂ ಮಿಕ್ಕಿವೆ. ಬಟ್ಟೆ ಆರುವಷ್ಟರಲ್ಲಿ ದಿನಕ್ಕೆ ಹತ್ತು ಪದ್ಯಗಳಾದುವೆಂದು ಇಟ್ಟುಕೊಂಡರೂ 800 ದಿನಗಳು, ಎಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕು. ಒಂದೊಂದು ಪದ್ಯವಾದರೂ ಸುಲಭವೇ? ಭಾಮಿನೀ ಷಟ್ಪದಿಯ ಆರು ಪಾದಗಳಲ್ಲಿ ನಾಲ್ಕಕ್ಕೆ ಹದಿನಾಲ್ಕು ಹದಿನಾಲ್ಕು ಮಾತ್ರೆ. ಮೂರನೆಯ ಮತ್ತು ಆರನೆಯ ಪಾದಗಳಿಗೆ ಇಪ್ಪತ್ತಮೂರು ಇಪ್ಪತ್ತಮೂರು. ಒಟ್ಟು 102 ಮಾತ್ರೆ. ಇದರ ಮೇಲೆ ಆರು ಪಾದಗಳಲ್ಲಿಯೂ ದ್ವಿತೀಯಾಕ್ಷರ ಪ್ರಾಸ. ಇಷ್ಟು ಕಟ್ಟುಗಳ ನಡುವೆ ಮಾತು ಹೊಳೆಯ ನೀರಿನಂತೆ ಹರಿಯಬೇಕಾದರೆ, ಆ ಕಟ್ಟುಗಳು ಕವಿಯ ಉಸಿರಿನೊಡನೆ ಬೆರೆತುಹೋಗಿರಬೇಕು. ಹಲಗೆಯ ಮೇಲೆ ಮೊದಲು ಗೀಚಿ ನೋಡುವ ಅಗತ್ಯವಾಗಲಿ, ಇಟ್ಟುದನ್ನು ಒರಸುವ ಅಗತ್ಯವಾಗಲಿ ತನಗಿಲ್ಲವೆಂದು ಕುಮಾರವ್ಯಾಸನು ಹೆಮ್ಮೆಪಟ್ಟುಕೊಂಡಿದ್ದಾನೆ. ಈ ಹೆಮ್ಮೆಯು ಅಭ್ಯಾಸದ ಫಲವನ್ನು ಉಂಡವನದು. ಸಭೆಯಲ್ಲಿ ಥಟ್ಟನೆ ಹೊಳೆದ ಸಂಚಾರವನ್ನು ವೈಣಿಕನು ಅಲ್ಲಿಯೇ ನುಡಿಸಿಬಿಡುತ್ತಾನೆ. ಹೊಳೆದುದು ಆ ಕ್ಷಣದಲ್ಲಿ, ಬೆರಳು ಸಿದ್ಧವಾದುದು ಹಲವು ವರ್ಷಗಳಲ್ಲಿ.

ನಮ್ಮ ಅಲಂಕಾರಶಾಸ್ತ್ರವೂ ಇದನ್ನೇ ಬೇರೆ ಬೇರೆ ಬಗೆಯಲ್ಲಿ ಹೇಳುತ್ತದೆ. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಈ ಮೂರೂ ಬೇರೆ ಬೇರೆಯಾಗಿ ಕಾವ್ಯಹೇತುಗಳಲ್ಲ, ಮೂರೂ ಕೂಡಿ ಒಂದೇ ಹೇತುವೆಂಬುದು ಮಮ್ಮಟನ ಮತ. ದಂಡಿಯಂತೂ ಇನ್ನೂ ಕರುಣಾಳು: ಹುಟ್ಟಿನಿಂದ ಪ್ರತಿಭೆಯಿಲ್ಲದವನೂ ಓದಿನಿಂದಲೂ ಯತ್ನದಿಂದಲೂ ವಾಗ್ದೇವಿಯನ್ನು ಸೇವಿಸಿದರೆ ಅವಳು ಏನಾದರೂ ಅನುಗ್ರಹವನ್ನು ಮಾಡದಿರಳೆಂದು ಅವನ ಭರವಸೆ. ವಾಮನನು ಚಿತ್ತೈಕಾಗ್ರ್ಯಕ್ಕೆ ತಕ್ಕ ದೇಶಕಾಲಗಳನ್ನೇ ವಿಧಿಸಿದ್ದಾನೆ. ನಿರ್ಜನವಾದ ಎಡೆ, ರಾತ್ರಿಯ ನಾಲ್ಕನೆಯ ಯಾಮ.

ಎಲ್ಲರಿಗಿಂತಲೂ ವಿಸ್ತಾರವಾಗಿ ಹೇಳಿದವನು ರಾಜಶೇಖರ. 1916ರಲ್ಲಿ ಬರೋಡೆಯಿಂದ ಅಚ್ಚಾಗಿ ಬಂದ ಅವನ ಕಾವ್ಯಮೀಮಾಂಸೆಯಲ್ಲಿ ಕವಿಯ ದಿನಚರ್ಯೆ ಪ್ರಹರ ಪ್ರಹರವಾಗಿ ನಿರೂಪಿತವಾಗಿದೆ. ಬೆಳಗಿನ ಮೊದಲ ಪ್ರಹರ ವಿದ್ಯೆಗಳ ವ್ಯಾಸಂಗಕ್ಕೆ, ಎರಡನೆಯದು ಕಾವ್ಯರಚನೆಗೆ, ಭೋಜನಾನಂತರ ಗೋಷ್ಠಿಗೆ, ನಾಲ್ಕನೆಯದು ಬೆಳಿಗ್ಗೆ ಬರೆದುದರ ಪರೀಕ್ಷೆಗೆ. ಈ ಪರೀಕ್ಷೆಗೆ ಅವನು ಕೊಡುವ ಕಾರಣವು ಬಹು ಮಾರ್ಮಿಕವಾಗಿದೆ: ರಸಾವೇಶದಲ್ಲಿ ಬರೆಯುವವನಿಗೆ ವಿವೇಚನೆಯ ಕಣ್ಣಿರುವುದಿಲ್ಲ. ಆದುದರಿಂದ ಆವೇಶವು ಇಳಿದ ಮೇಲೆ ಹೆಚ್ಚಾದುದನ್ನು ತೆಗೆದು, ಕೊರತೆಯನ್ನು ತುಂಬಿ, ಸ್ಥಾನ ತಪ್ಪಿದುದನ್ನು ಸರಿಪಡಿಸಬೇಕು. ಆವೇಶವನ್ನು ರಾಜಶೇಖರನು ಅಲ್ಲಗಳೆಯಲಿಲ್ಲ. ಅದಕ್ಕೆ ದಿನದಲ್ಲಿ ಒಂದು ಪ್ರಹರವನ್ನು ತೆರವಾಗಿಟ್ಟು, ಅದರ ಲೆಕ್ಕವನ್ನು ನೋಡಲು ಇನ್ನೊಂದು ಪ್ರಹರವನ್ನು ಗೊತ್ತುಮಾಡಿದನು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಆದಿಕವಿಯ ಬಾಯಿಂದ ಶ್ಲೋಕವು ಹೊರಬಿದ್ದದ್ದು ಯಾವ ದಿನಚರ್ಯೆಯಿಂದ? ಕ್ರೌಂಚಪಕ್ಷಿಯ ಸಾವನ್ನು ಕಂಡ ಶೋಕದಿಂದಲ್ಲವೇ? ನಿಜ. ಆದರೆ ಹಾಗೆ ತಾನಾಗಿ ಬಂದದ್ದು ಒಂದೇ ಒಂದು ಶ್ಲೋಕ. ರಾಮಾಯಣವೋ 24,000 ಶ್ಲೋಕಗಳದು. ಆ ಒಂದು ಶ್ಲೋಕ ಬಂದ ಕೂಡಲೆ ವಾಲ್ಮೀಕಿಯು ಮಾಡಿದ್ದೇನು? ತಾನು ನುಡಿದುದೇನೆಂದು ಆಶ್ಚರ್ಯಪಟ್ಟು, ಅದರ ಪಾದವಿಭಾಗವನ್ನೂ ಅಕ್ಷರಸಾಮ್ಯವನ್ನೂ ತಂತಿಯೊಡನೆ ಹೊಂದುವ ಲಯವನ್ನೂ ಕಂಡುಕೊಂಡನು. ಅನಂತರ ಬ್ರಹ್ಮನ ಆದೇಶವಾಯಿತು. ಆ ಮೇಲೆಯೂ ಋಷಿಯು ಇನ್ನೊಂದು ಕ್ರೌಂಚಕ್ಕಾಗಿ ಕಾಯಲಿಲ್ಲ. ದರ್ಭಾಸನದ ಮೇಲೆ ಕುಳಿತು ಯೋಗದಿಂದ ಕಥೆಯನ್ನೆಲ್ಲ ಕಂಡನು. ಒಂದು ಶ್ಲೋಕವು ಶೋಕದಿಂದ ಬಂದಿತು; ಮಿಕ್ಕ ಕಾವ್ಯವು ಆಸನದ ಮೇಲೆ ಬೆಳೆಯಿತು.

ಹಾಗೆಂದು ದಿನಕ್ಕಿಷ್ಟು ಪದ್ಯವೆಂದು ಅಳೆದು ಬರೆದವರೆಲ್ಲರೂ ಕವಿಗಳಾಗುವರೆಂದು ಅರ್ಥವಲ್ಲ. ಸಮಸ್ಯಾಪೂರಣದಲ್ಲಿ ನಿಪುಣರಾದವರು ಎಷ್ಟೋ ಮಂದಿ ಇದ್ದಾರೆ; ಅವರ ಪದ್ಯಗಳಲ್ಲಿ ಸಭೆ ಮುಗಿದ ಮೇಲೆ ಉಳಿಯುವುವು ಕೆಲವೇ. ಪ್ರತಿಭೆಯಿಲ್ಲದ ಅಭ್ಯಾಸವು ಉತ್ಸವಮೂರ್ತಿಯಿಲ್ಲದ ತೇರು. ಎಳೆದರೆ ಉರುಳೀತು, ಕೈಮುಗಿಯುವವರಿಲ್ಲ. ಅಭ್ಯಾಸವು ಸ್ಫೂರ್ತಿಯನ್ನು ಹುಟ್ಟಿಸಲಾರದು. ಬಂದ ಸ್ಫೂರ್ತಿ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಮಾತ್ರ ಅದರ ಅಧಿಕಾರ. ಆದರೆ ಆ ಅಧಿಕಾರ ಅಲ್ಪವಾದುದಲ್ಲ. ಛಂದಸ್ಸು ಕೈಗೆ ಹತ್ತದವನಿಗೆ, ಪೂರ್ವಕವಿಗಳನ್ನು ಓದದವನಿಗೆ ಮಹತ್ತಾದ ಭಾವವೊಂದು ಹೊಳೆದರೂ, ಅದು ಹೊಳೆದಷ್ಟೇ ಬೇಗ ಆರಿಹೋಗುತ್ತದೆ.

ಆದುದರಿಂದ, ಇನ್ನೂ ಸ್ಫೂರ್ತಿ ಬರಲಿಲ್ಲವೆಂದು ಪುಸ್ತಕವನ್ನು ಮುಚ್ಚಿಟ್ಟಿರುವ ತರುಣನಿಗೆ ಹೇಳತಕ್ಕದ್ದು ಇಷ್ಟೆ: ಕಾಯುವುದು ತಪ್ಪಲ್ಲ, ಆದರೆ ಕಾಯುವವನು ಗೊತ್ತಾದ ಎಡೆಯಲ್ಲಿ ಗೊತ್ತಾದ ಹೊತ್ತಿಗೆ ಸಿಕ್ಕಬೇಕು. ಪದ್ಯ ಬಾರದ ದಿನ ಪಂಪನನ್ನೋ ರನ್ನನನ್ನೋ ಓದಲಿ; ಬಂದ ದಿನ ಬರೆದು, ಸಂಜೆ ಮತ್ತೆ ನೋಡಿ ತಿದ್ದಲಿ. ಬಟ್ಟೆ ಎಷ್ಟು ಹೊತ್ತಿಗೆ ಆರುವುದೆಂಬ ಚಿಂತೆ ಅವನಿಗೆ ಬೇಡ. ನಾಳೆಯೂ ಕೋನೇರಿಗೆ ಇಳಿಯುವುದಷ್ಟೇ ಅವನ ಕೆಲಸ.